ಎಲುಬಿನ ಒಳಕಟ್ಟಡವೂ ಎಂಜಿನಿಯರರ ಗಣಿತವೂ

ವಿಮಾನದ ಭಾಗಗಳು, ಯಂತ್ರಗಳ ತೋಳುಗಳು, ಸವೆದ ಸೊಂಟದ ಕೀಲಿಗೆ ವೈದ್ಯರು ಕೂಡಿಸುವ ಲೋಹದ ಕಾಂಡಗಳು ಮೊದಲಾದುವನ್ನು ಗಟ್ಟಿ ಮುದ್ದೆಯಾಗಿ ಎರಕಹೊಯ್ಯದೆ, ಒಳಗೆಲ್ಲ ರಂಧ್ರಗಳುಳ್ಳ ಜಾಲವಾಗಿ ರಚಿಸುವ ವಿದ್ಯೆಯೊಂದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಿಂದ ಈಚೆಗೆ ಬೆಳೆದುಬಂದಿದೆ. ಜಾಲದ ಕಡ್ಡಿಗಳು ಎಲ್ಲಿ ದಪ್ಪವಾಗಿರತಕ್ಕದ್ದು, ಎಲ್ಲಿ ತೆಳ್ಳಗಿರತಕ್ಕದ್ದು, ಯಾವ ದಿಕ್ಕಿಗೆ ಓಡತಕ್ಕದ್ದು ಎಂಬುದನ್ನು ಇಲ್ಲಿ ನಕ್ಷೆಗಾರನು ಗೆರೆಯೆಳೆದು ನಿರ್ಣಯಿಸುವುದಿಲ್ಲ. ಭಾರವನ್ನೂ ಆಧಾರಗಳನ್ನೂ ವಸ್ತುವಿನ ಪರಿಮಿತಿಯನ್ನೂ ಗಣಕಯಂತ್ರಕ್ಕೆ ತಿಳಿಸಿದರೆ ಅದು ನೂರಾರು ಸಲ ಲೆಕ್ಕವನ್ನು ತಿದ್ದಿ ತಿದ್ದಿ ರೂಪವನ್ನು ಕಂಡುಹಿಡಿಯುತ್ತದೆ. ಹೀಗೆ ಸಿದ್ಧವಾದ ವಸ್ತುವನ್ನು ಕೊಯ್ದು ನೋಡಿದರೆ ಎಲುಬಿನ ಒಳಭಾಗವೇ ಕಣ್ಣಿಗೆ ಕಟ್ಟುತ್ತದೆ. ಆದುದರಿಂದ ಇದನ್ನು ವರ್ಣಿಸುವವರು ಸಾಮಾನ್ಯವಾಗಿ ಎಲುಬಿನ ಅನುಕರಣವೆಂದೇ ಕರೆಯುವರು.

ಅನುಕರಣವೆಂಬ ಮಾತು ಸಾಹಿತ್ಯಮೀಮಾಂಸೆಯಲ್ಲಿ ಎಷ್ಟು ವಿವಾದಕ್ಕೆಡೆಯಾಗಿದೆಯೋ ಇಲ್ಲಿಯೂ ಅಷ್ಟೇ ವಿವಾದಕ್ಕೆಡೆಯಾಗತಕ್ಕದ್ದು. ಅನುಕರಿಸಿದುದು ರೂಪವನ್ನೋ, ರೂಪವನ್ನು ಹುಟ್ಟಿಸಿದ ನಿಯಮವನ್ನೋ? ಈ ಎರಡರ ಭೇದವನ್ನು ಗಮನಿಸದೆ ಈ ವಿದ್ಯೆಯ ಇತಿಹಾಸವನ್ನು ಹೇಳುತ್ತ ಬಂದುದರಿಂದ, ಸೊಗಸಾದ ಒಂದು ಕಥೆ ಜನರ ನಾಲಗೆಯ ಮೇಲೆ ನಿಂತಿತು. ಋಣವು ನಿಜವಾಗಿ ಯಾರಿಗೆ ಸಲ್ಲಬೇಕೋ ಅವರ ಹೆಸರು ಹಿಂದಾಯಿತು. ಆ ಕಥೆಯನ್ನು ಮೊದಲು ಪರೀಕ್ಷಿಸಿ, ಬಳಿಕ ಋಣದ ವಿಚಾರವನ್ನು ನೋಡುವುದು ಯುಕ್ತ.

ಮನುಷ್ಯನ ತೊಡೆಯೆಲುಬನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ, ನಡುವಿನ ಕಾಂಡವು ಗಟ್ಟಿಯಾದ ಗೋಡೆಯ ಕೊಳವೆಯಾಗಿಯೂ, ಸೊಂಟದ ಕೀಲಿಗೆ ಸೇರುವ ತಲೆಯ ಕಡೆ ಗೋಡೆ ತೆಳ್ಳಗಾಗಿ ಒಳಗೆ ಸ್ಪಂಜಿನಂಥ ಜಾಲವು ತುಂಬಿಕೊಂಡಂತೆಯೂ ಕಾಣುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಎಲುಬುಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ಬಗೆಯಾಗಿ ವಿಂಗಡಿಸಿ, ಉದ್ದನೆಯ ಎಲುಬುಗಳಿಗೆ ಕೊಳವೆಯ ಹೆಸರನ್ನೇ ಇಟ್ಟಿದೆ. ಮರಗಳು ಒಳಗಿನ ಚೇಗಿನಿಂದ ನಿಲ್ಲುವಂತೆ ದೇಹಗಳು ಎಲುಬಿನಿಂದ ನಿಲ್ಲುತ್ತವೆಂಬ ಹೋಲಿಕೆಯೂ ಅಲ್ಲಿಯೇ ಉಂಟು. ಕೊಳವೆಯ ಗುಣ ಹೀಗೆ ಹಿಂದಿನವರಿಗೆ ತಿಳಿದಿತ್ತು. ಜಾಲದ ಗುಣ ತಿಳಿಯುವುದಕ್ಕೆ ಬಹುಕಾಲ ಹಿಡಿಯಿತು. ಗೆಲಿಲಿಯೊ ೧೬೩೮ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ತನ್ನ ಸಂವಾದಗ್ರಂಥದಲ್ಲಿ, ಪ್ರಾಣಿ ದೊಡ್ಡದಾದಂತೆ ಎಲುಬು ಉದ್ದಕ್ಕಿಂತ ಹೆಚ್ಚಾಗಿ ದಪ್ಪನಾಗಬೇಕೆಂಬುದನ್ನು ಚಿತ್ರಸಹಿತವಾಗಿ ತೋರಿಸಿದನು. ಪೊಳ್ಳಾದ ಹಕ್ಕಿಯ ಎಲುಬು ಮತ್ತು ಜೊಂಡಿನ ದಂಟು ಅಷ್ಟೇ ತೂಕದ ಗಟ್ಟಿ ಕಡ್ಡಿಗಿಂತ ಬಲವಾದುವೆಂದು ಹೇಳಿದನು. ಆತನೂ ಜಾಲದ ವಿಚಾರಕ್ಕೆ ಕೈಹಾಕಲಿಲ್ಲ.

ಜಾಲವನ್ನು ಕಟ್ಟಡದ ದೃಷ್ಟಿಯಿಂದ ನೋಡಿದವರು ಹತ್ತೊಂಬತ್ತನೆಯ ಶತಮಾನದ ಅಂಗರಚನಾಶಾಸ್ತ್ರಜ್ಞರು. ಅವರು ಅದರ ಸಣ್ಣ ಕಡ್ಡಿಗಳಿಗೆ ಕೊಟ್ಟ ಲ್ಯಾಟಿನ್ ಹೆಸರು ‘ಟ್ರಾಬೆಕ್ಯುಲ’. ಅದರ ಅರ್ಥ ಚಿಕ್ಕ ತೊಲೆ. ಕನ್ನಡದಲ್ಲಿ ಕಿರುದೊಲೆಯೆನ್ನಬಹುದು. ಎಂಜಿನಿಯರು ಬಂದು ಬಾಗಿಲು ತಟ್ಟುವುದಕ್ಕೆ ಮುಂಚೆಯೇ ಎಲುಬಿನೊಳಗೆ ಮನೆ ಕಟ್ಟುವವರ ಮಾತು ಹೊಕ್ಕಿತ್ತೆಂಬುದು ಇದರಿಂದ ಸ್ಪಷ್ಟ. ೧೮೩೮ರಲ್ಲಿ ಇಂಗ್ಲೆಂಡಿನ ವಾರ್ಡ್ ಎಂಬಾತನು ತೊಡೆಯೆಲುಬಿನ ತಲೆಯನ್ನು ಬೀದಿದೀಪ ತೂಗುಬಿಡುವ ಚಾಚುಗಂಬಕ್ಕೆ ಹೋಲಿಸಿದನು. ಅಲ್ಲಿ ಕಿರುದೊಲೆಗಳು ವಿರಳವಾಗಿರುವ ಒಂದು ಮೂಲೆಗೆ ವಾರ್ಡನ ತ್ರಿಕೋಣವೆಂಬ ಹೆಸರು ವೈದ್ಯರಲ್ಲಿ ಉಳಿದುಬಂದಿದೆ. ೧೮೫೭ರಲ್ಲಿ ಬಾಸ್ಟನ್ನಿನ ವೈಮನ್, ಮರುವರ್ಷ ಕೇಂಬ್ರಿಡ್ಜಿನ ಹಂಫ್ರಿ ಇದೇ ಜಾಲವನ್ನು ವಿವರಿಸಿದರು. ಈ ಹೆಸರುಗಳು ಮುಂದಿನ ಕಥೆಯಲ್ಲಿ ಕಾಣಿಸದೆ ಹೋದುವು.

ಆ ಕಥೆಯು ಲೋಕಪ್ರಸಿದ್ಧವಾದುದು ಡಾರ್ಸಿ ಥಾಂಪ್ಸನ್ ೧೯೧೭ರಲ್ಲಿ ಪ್ರಕಟಿಸಿದ, ಬೆಳವಣಿಗೆ ಮತ್ತು ಆಕಾರಗಳನ್ನು ಕುರಿತ ಮಹಾಗ್ರಂಥದಿಂದ. ೧೮೬೬ರಲ್ಲಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರು ಅಧ್ಯಾಪಕನಾಗಿದ್ದನು. ಭಾರಿಯಾದ ಹೊಸ ಕ್ರೇನೊಂದರ ರಚನೆಯಲ್ಲಿ ಮಗ್ನನಾಗಿದ್ದ ಆತನು ಅದೇ ಊರಿನ ಅಂಗರಚನಾಶಾಸ್ತ್ರದ ಅಧ್ಯಾಪಕ ಹರ್ಮನ್ ಫಾನ್ ಮೈಯರನ ಛೇದನಶಾಲೆಗೆ ಬಂದು, ಮೈಯರನ ಮುಂದೆ ಇದ್ದ ಸೀಳೆಲುಬನ್ನು ನೋಡಿ, ಇದು ತನ್ನ ಕ್ರೇನೇ ಸರಿ ಎಂದು ಕೂಗಿಕೊಂಡನೆಂದು ಥಾಂಪ್ಸನ್ ಬರೆದಿದ್ದಾನೆ. ಆತನ ಬರಹವು ಮನೋಹರವಾದುದು. ಅದನ್ನು ಒಮ್ಮೆ ಓದಿದವರು ಆ ಕೂಗನ್ನು ಮರೆಯಲಾರರು.

ಆದರೆ ಮೈಯರನು ತಾನೇ ೧೮೬೭ರಲ್ಲಿ ಪ್ರಕಟಿಸಿದ, ಸ್ಪಂಜೆಲುಬಿನ ವಾಸ್ತುವನ್ನು ಕುರಿತ ಲೇಖನದಲ್ಲಿ ಹೇಳಿರುವುದು ಇದಕ್ಕಿಂತ ಸಪ್ಪೆಯಾದ ಸಂಗತಿ. ಜ್ಯೂರಿಕ್ಕಿನ ನಿಸರ್ಗವಿಜ್ಞಾನ ಸಂಘದಲ್ಲಿ ಆತನು ತನ್ನ ಎಲುಬಿನ ಸೀಳುಗಳನ್ನು ಸಭೆಗೆ ತೋರಿಸುತ್ತಿದ್ದಾಗ, ಅಲ್ಲಿದ್ದ ಕುಲ್ಮನ್ನನು ಕಿರುದೊಲೆಗಳ ಸಾಲುಗಳು ಅನೇಕ ಕಡೆಗಳಲ್ಲಿ ತಾನು ಗಣಿತದಿಂದ ಎಳೆಯುವ ಬಲರೇಖೆಗಳಂತೆಯೇ ಇವೆಯೆಂದು ಗಮನಕ್ಕೆ ತಂದನು. ಕೂಗೂ ಇಲ್ಲ, ಛೇದನಶಾಲೆಯೂ ಇಲ್ಲ. ವಿದ್ವತ್ಸಭೆಯೊಂದರಲ್ಲಿ ಒಬ್ಬ ಸದಸ್ಯನು ಇನ್ನೊಬ್ಬನಿಗೆ ಸೂಚಿಸಿದ ಒಂದು ಮಾತು. ಮೂಲಸಾಕ್ಷಿಯು ಹೀಗಿರುವಾಗ ಐವತ್ತು ವರ್ಷಗಳ ಮೇಲೆ ಬರೆದ ವರ್ಣನೆಗಿಂತ ಅದಕ್ಕೇ ಹೆಚ್ಚು ಬೆಲೆ ಕೊಡಬೇಕಾಗುತ್ತದೆ.

ಬಲರೇಖೆಯೆಂದರೇನೆಂಬುದನ್ನು ಇಲ್ಲಿ ವಿವರಿಸುವುದು ಅವಶ್ಯಕ. ಚಾಚಿದ ತೊಲೆಯ ತುದಿಗೆ ಭಾರವನ್ನು ತೂಗುಬಿಟ್ಟರೆ ತೊಲೆಯ ಮೇಲ್ಭಾಗವು ಸೆಳೆತಕ್ಕೂ ಕೆಳಭಾಗವು ಅದುಮಿಕೆಗೂ ಒಳಗಾಗುತ್ತವೆ. ತೊಲೆಯೊಳಗಿನ ಪ್ರತಿಯೊಂದು ಬಿಂದುವಿನಲ್ಲಿಯೂ ಸೆಳೆತವು ಅತ್ಯಧಿಕವಾಗಿರುವ ಒಂದು ದಿಕ್ಕೂ ಅದುಮಿಕೆಯು ಅತ್ಯಧಿಕವಾಗಿರುವ ಒಂದು ದಿಕ್ಕೂ ಉಂಟು. ಇವೆರಡೂ ಯಾವಾಗಲೂ ಒಂದಕ್ಕೊಂದು ಲಂಬವಾಗಿರುವುವು. ಬಿಂದುವಿನಿಂದ ಬಿಂದುವಿಗೆ ಈ ದಿಕ್ಕುಗಳನ್ನು ಕೂಡಿಸಿಕೊಂಡು ಹೋದರೆ, ಲಂಬಕೋನದಲ್ಲಿ ಒಂದನ್ನೊಂದು ಕತ್ತರಿಸುವ ಬಾಗುಗೆರೆಗಳ ಎರಡು ಗುಂಪುಗಳು ಏರ್ಪಡುತ್ತವೆ. ಇವೇ ಬಲರೇಖೆಗಳು. ಇಂಥ ಗೆರೆಗಳಿಂದಲೇ ಲೆಕ್ಕಮಾಡುವ ‘ರೇಖಾಸ್ಥಿತಿಶಾಸ್ತ್ರ’ವನ್ನು ವ್ಯವಸ್ಥಿತವಾಗಿ ಬೋಧಿಸಿದವನು ಕುಲ್ಮನ್ನನೇ, ಅವನ ಗ್ರಂಥವು ಪೂರ್ಣವಾಗಿ ಹೊರಬಂದುದೂ ಅದೇ ೧೮೬೬ರಲ್ಲಿ.

ಕಥೆಯಲ್ಲಿ ಬರುವ ಕ್ರೇನಿನ ನಿಜಸ್ವರೂಪವೂ ಗಮನಾರ್ಹವಾಗಿದೆ. ಎಲುಬಿನ ಪಕ್ಕದಲ್ಲಿ ಪುಸ್ತಕ ಪುಸ್ತಕಗಳಲ್ಲಿ ಅಚ್ಚಾಗುತ್ತ ಬಂದಿರುವ ಕ್ರೇನಿನ ಚಿತ್ರವು ಯಾವ ಬಂದರಿನಲ್ಲಿಯೂ ನಿಂತಿದ್ದ ಯಂತ್ರದ ಚಿತ್ರವಲ್ಲ. ತೊಡೆಯೆಲುಬಿನ ಮೇಲ್ತುದಿಯ ಹೊರಗೆರೆಯನ್ನೇ ಹೋಲುವ ಬಾಗಿದ ತೊಲೆಯೊಂದನ್ನು ಕಲ್ಪಿಸಿ, ಅದರ ತಲೆಯ ಮೇಲೆ ಭಾರವಿಟ್ಟು, ಬಲರೇಖೆಗಳನ್ನು ಎಳೆಯುವಂತೆ ಕುಲ್ಮನ್ನನು ತನ್ನ ಶಿಷ್ಯರಿಗೆ ಹೇಳಿದನು. ಅವರು ಗುರುವಿನ ಮೇಲ್ವಿಚಾರಣೆಯಲ್ಲಿ ಎಳೆದುಕೊಟ್ಟ ಚಿತ್ರವೇ ಅದು. ಎಂದಮೇಲೆ ಎಲುಬು ಕ್ರೇನಿನಂತೆ ಕಂಡುದರಲ್ಲಿ ಆಶ್ಚರ್ಯವೇನು? ಕ್ರೇನಿಗೆ ಎಲುಬಿನ ಆಕಾರವನ್ನು ಮೊದಲೇ ಕೊಟ್ಟಾಗಿತ್ತು. ಆದರೂ ಒಳಗಣ ಗೆರೆಗಳನ್ನು ಯಾರೂ ಕೊಟ್ಟಿರಲಿಲ್ಲ, ಅವು ಲೆಕ್ಕದಿಂದಲೇ ಹೊರಟುವು. ಎಲುಬಿನ ಜಾಲದೊಡನೆ ಅವಕ್ಕೆ ಇರುವ ಸಾಮ್ಯವು ಸುಳ್ಳಲ್ಲ. ಕಥೆಯನ್ನು ಸಂಶಯಿಸುವವರು ಈ ಸಾಮ್ಯವನ್ನೂ ತಳ್ಳಿಹಾಕಬಾರದು.

ಸಾಮ್ಯವನ್ನು ಸಿದ್ಧಾಂತವಾಗಿ ಮಾರ್ಪಡಿಸಿದವನು ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯುಸ್ ವೊಲ್ಫ್. ೧೮೭೦ರಲ್ಲಿ ಒಂದು ದೀರ್ಘಲೇಖನವನ್ನೂ, ೧೮೯೨ರಲ್ಲಿ ಎಲುಬಿನ ಪರಿವರ್ತನೆಯ ನಿಯಮವೆಂಬ ಗ್ರಂಥವನ್ನೂ ಆತನು ಪ್ರಕಟಿಸಿದನು. ಮುರಿದು ಸೊಟ್ಟಗೆ ಕೂಡಿಕೊಂಡ ಎಲುಬುಗಳನ್ನು ತೆಳ್ಳಗೆ ಕೊಯ್ದು ನೋಡಿ, ಭಾರವು ಹೊಸ ದಾರಿಯನ್ನು ಹಿಡಿದಾಗ ಕಿರುದೊಲೆಗಳೂ ಹೊಸ ದಾರಿಯನ್ನು ಹಿಡಿಯುತ್ತವೆಂದು ತೋರಿಸಿಕೊಟ್ಟನು. ಇದು ದೊಡ್ಡ ಶೋಧನೆ. ಎಲುಬು ಒಮ್ಮೆ ಕಟ್ಟಿ ಮುಗಿಸಿದ ಕಟ್ಟಡವಲ್ಲ, ಕಟ್ಟುತ್ತಲೇ ಕೆಡವುತ್ತಲೇ ಇರುವ ಕಟ್ಟಡವೆಂಬುದು ಇದರಿಂದ ವೈದ್ಯರ ಮನಸ್ಸಿನಲ್ಲಿ ಊರಿತು. ಆದರೆ ವೊಲ್ಫನಿಗೆ ಅಷ್ಟು ಸಾಲಲಿಲ್ಲ. ಕಿರುದೊಲೆಗಳು ಬಲರೇಖೆಗಳನ್ನು ಗಣಿತದಷ್ಟು ನಿಖರವಾಗಿ ಅನುಸರಿಸುತ್ತವೆ, ಎಲ್ಲೆಡೆಯೂ ಲಂಬಕೋನದಲ್ಲಿಯೇ ಕತ್ತರಿಸುತ್ತವೆ, ಬೇರೆ ಯಾವ ರಚನೆಯೂ ಸಾಧ್ಯವಿಲ್ಲ ಎಂದು ಆತನು ಹಟಹಿಡಿದನು.

ಈ ಹಟಕ್ಕೆ ಮೂರು ಕಡೆಯಿಂದ ಪೆಟ್ಟು ಬಿದ್ದಿತು. ಕುಲ್ಮನ್ನನ ಗೆರೆಗಳು ರಂಧ್ರವಿಲ್ಲದ, ಎಲ್ಲೆಡೆ ಒಂದೇ ಗುಣವುಳ್ಳ ಗಟ್ಟಿ ವಸ್ತುವಿಗೆ ಸಲ್ಲತಕ್ಕವು. ಎಲುಬಿನ ತಲೆಯಾದರೋ ರಂಧ್ರಮಯ. ಗಟ್ಟಿ ತೊಲೆಯ ಬಲರೇಖೆ, ಜಾಲದ ಕಡ್ಡಿ ಇವೆರಡೂ ಒಂದೇ ಎಂಬುದು ಸಿದ್ಧವಾಗದ ಮಾತು. ಅಮೆರಿಕದ ಸ್ಟೀಫನ್ ಕೋವಿನ್ ವೊಲ್ಫನ ನಿಯಮದ ಬುಡದಲ್ಲಿಯೇ ಇರುವ ಈ ತಪ್ಪನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟುನಿಟ್ಟಾಗಿ ವಿಚಾರಿಸಿದನು. ಎರಡನೆಯದಾಗಿ, ಕುಲ್ಮನ್ನನು ಎಲುಬಿನ ತಲೆಯ ಮೇಲೆ ಭಾರವನ್ನಿಟ್ಟನೇ ಹೊರತು ಸ್ನಾಯುಗಳ ಸೆಳೆತವನ್ನು ಲೆಕ್ಕಕ್ಕೆ ತರಲಿಲ್ಲ. ಒಂದೇ ಕಾಲಿನ ಮೇಲೆ ನಿಂತವನ ಸೊಂಟದ ಕೀಲಿನಲ್ಲಿ ಸ್ನಾಯುಬಲವೂ ಸೇರಿ ದೇಹದ ತೂಕದ ಎರಡು ಮಡಿಗಿಂತಲೂ ಹೆಚ್ಚಿನ ಅದುಮಿಕೆ ಉಂಟಾಗುತ್ತದೆ. ಇದನ್ನು ಜರ್ಮನಿಯ ಪಾವೆಲ್ಸ್ ೧೯೩೫ರಿಂದ ಮುಂದೆ ವಿಶದಪಡಿಸಿದನು. ಮೂರನೆಯದು ಎಲ್ಲಕ್ಕಿಂತ ಸರಳವಾದುದು: ಮನುಷ್ಯನು ನಿಲ್ಲುತ್ತಾನೆ, ನಡೆಯುತ್ತಾನೆ, ಮೆಟ್ಟಿಲೇರುತ್ತಾನೆ, ಎಡವುತ್ತಾನೆ. ಬಲರೇಖೆಗಳ ಒಂದೇ ಒಂದು ಚಿತ್ರ ಇವೆಲ್ಲಕ್ಕೂ ಹೊಂದುವುದು ಹೇಗೆ?

ಈ ಮೂರನೆಯ ಆಕ್ಷೇಪಣೆಯನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ಗಣಕಯಂತ್ರದ ಕಾಲದಲ್ಲಿ ಅದು ಮತ್ತೆ ತಲೆಯೆತ್ತಲಿದೆ.

ರೂಪವನ್ನು ಬಿಟ್ಟು ನಿಯಮವನ್ನು ಹುಡುಕಿದವನು ವಿಲ್ಹೆಲ್ಮ್ ರೂ. ೧೮೮೧ರಲ್ಲಿ ಆತನು ಶರೀರದೊಳಗಣ ಅಂಶಗಳ ಹೋರಾಟವೆಂಬ ಗ್ರಂಥವನ್ನು ಬರೆದು, ೧೮೮೫ರಲ್ಲಿ ಎಲುಬಾಗಿ ಬೆಸೆದುಹೋಗಿದ್ದ ಮೊಣಕಾಲಿನ ಕೀಲೊಂದರ ಜಾಲವನ್ನು ಪರೀಕ್ಷಿಸಿ ವಿವರಿಸಿದನು. ಬೆಸೆದ ಮೊಣಕಾಲಿಗೆ ಪ್ರಕೃತಿಯಲ್ಲಿ ಪೂರ್ವದ ಮಾದರಿಯಿಲ್ಲ. ವಂಶಪಾರಂಪರ್ಯದಿಂದ ಬಂದ ನಕ್ಷೆ ಅಲ್ಲಿ ನೆರವಿಗೆ ಬಾರದು. ಆದರೂ ಹೊಸ ಭಾರಕ್ಕೆ ತಕ್ಕ ಜಾಲವು ಅಲ್ಲಿ ಹುಟ್ಟಿಕೊಂಡಿತ್ತು. ಹಾಗಾದರೆ ನಕ್ಷೆಯನ್ನು ಇಟ್ಟುಕೊಂಡಿರುವವರು ಯಾರು? ಯಾರೂ ಇಲ್ಲವೆಂಬುದು ರೂನ ಉತ್ತರ. ಪ್ರತಿಯೊಂದು ಕಣವೂ ತನ್ನ ಸುತ್ತಲಿನ ಒತ್ತಾಯವನ್ನು ಮಾತ್ರ ಅರಿಯುತ್ತದೆ. ಒತ್ತಾಯ ಹೆಚ್ಚಾದೆಡೆ ಎಲುಬು ಕೂಡುತ್ತದೆ, ಕಡಮೆಯಾದೆಡೆ ಕರಗುತ್ತದೆ. ಸಮಗ್ರದ ಅರಿವು ಯಾವ ಕಣಕ್ಕೂ ಇಲ್ಲದಿದ್ದರೂ ಸಮಗ್ರದಲ್ಲಿ ಕ್ರಮವು ತಾನಾಗಿ ಏರ್ಪಡುತ್ತದೆ. ವೊಲ್ಫನೂ ತನ್ನ ೧೮೯೨ರ ಗ್ರಂಥದಲ್ಲಿ ಈ ವಿಚಾರವನ್ನು ಬರಮಾಡಿಕೊಂಡನು. ಆದರೂ ನಿಯಮಕ್ಕೆ ವೊಲ್ಫನ ಹೆಸರೇ ನಿಂತಿತು. ಎಂಜಿನಿಯರರು ಮುಂದೆ ಎಲುಬಿನಿಂದ ಕಡ ತಂದ ಸರಕು ಬಹುಮಟ್ಟಿಗೆ ರೂನ ಉಗ್ರಾಣದ್ದು. ಅವರ ಲೇಖನಗಳಲ್ಲಿ ಮಾತ್ರ ಋಣವು ವೊಲ್ಫನ ಹೆಸರಿಗೆ ಜಮೆಯಾಗುತ್ತ ಬಂದಿದೆ.

ಪ್ಯಾರಿಸ್ಸಿನ ಐಫೆಲ್ ಗೋಪುರವು ತೊಡೆಯೆಲುಬನ್ನು ನೋಡಿ ಕಟ್ಟಿದ್ದೆಂಬ ಇನ್ನೊಂದು ಮಾತೂ ಈ ಸಂದರ್ಭದಲ್ಲಿ ಹೇಳಿಬರುವುದುಂಟು. ಅದಕ್ಕೆ ಇರುವ ಆಧಾರವಿಷ್ಟೆ: ೧೮೮೪ರಲ್ಲಿ ಗೋಪುರದ ಮೊದಲ ರೇಖಾಚಿತ್ರವನ್ನು ಬರೆದ ಮೊರಿಸ್ ಕೇಕ್ಲಿನ್ ಎಂಬ ಎಂಜಿನಿಯರು ಜ್ಯೂರಿಕ್ಕಿನಲ್ಲಿ ಕುಲ್ಮನ್ನನ ಶಿಷ್ಯನಾಗಿದ್ದನು. ಶಿಷ್ಯನು ಗುರುವಿನಿಂದ ಕಲಿತುದು ರೇಖಾಗಣಿತವನ್ನು, ಎಲುಬಿನ ಶಾಸ್ತ್ರವನ್ನಲ್ಲ. ಗೋಪುರದ ಬಾಗು ಗಾಳಿಯ ಒತ್ತಡದ ಲೆಕ್ಕದಿಂದ ಬಂದುದೆಂದು ಐಫೆಲ್ಲನೇ ೧೮೮೭ರಲ್ಲಿ ತನ್ನ ಆಕ್ಷೇಪಕರಿಗೆ ಉತ್ತರ ಕೊಟ್ಟಿದ್ದಾನೆ. ಇಲ್ಲಿಗೆ ಆ ಮಾತನ್ನು ಬಿಡಬಹುದು.

ಇನ್ನೊಂದು ಧಾರೆಯು ಎಲುಬಿನ ಹಂಗಿಲ್ಲದೆ ಹರಿಯುತ್ತಿತ್ತು. ಕೊಟ್ಟ ಭಾರವನ್ನು ಅತ್ಯಲ್ಪ ವಸ್ತುವಿನಿಂದ ಹೊರುವ ಚೌಕಟ್ಟು ಯಾವುದು ಎಂಬುದು ಆ ಧಾರೆಯ ಪ್ರಶ್ನೆ. ೧೮೭೦ರಲ್ಲಿ ಮ್ಯಾಕ್ಸ್‌ವೆಲ್ಲನು ಇದಕ್ಕೆ ಬೇಕಾದ ಒಂದು ಪ್ರಮೇಯವನ್ನು ಕೊಟ್ಟನು. ಅದನ್ನು ಆಧರಿಸಿ ೧೯೦೪ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನ ಎಂಜಿನಿಯರು ಮಿಚೆಲ್ ಉತ್ತರವನ್ನು ಬರೆದನು. ಮಿಚೆಲ್ಲನ ಅತ್ಯುತ್ತಮ ಚೌಕಟ್ಟಿನಲ್ಲಿ ಸೆಳೆತದ ಕಡ್ಡಿಗಳೂ ಅದುಮಿಕೆಯ ಕಡ್ಡಿಗಳೂ ಲಂಬಕೋನದಲ್ಲಿ ಸೇರುವ ಬಾಗುಗೆರೆಗಳ ಮೇಲೆ ಬಿದ್ದಿರುತ್ತವೆ. ವೊಲ್ಫನು ಎಲುಬಿನ ಮೇಲೆ ಬಲಾತ್ಕಾರದಿಂದ ಹೇರಿದ ಲಂಬಕೋನವು ಇಲ್ಲಿ ಗಣಿತದ ನ್ಯಾಯದಿಂದಲೇ ಬಂದಿದೆ. ಆದರೆ ಭಾರವು ಒಂದೇ ಬಗೆಯದಾದಾಗ ಮಾತ್ರ. ಮಿಚೆಲ್ಲನ ಲೇಖನವನ್ನು ಅರ್ಧ ಶತಮಾನ ಕಾಲ ಹೆಚ್ಚು ಜನ ಕೇಳಲಿಲ್ಲ. ಲೆಕ್ಕವು ಸೊಗಸಾಗಿತ್ತು, ಕೈಯಿಂದ ಮಾಡುವುದು ದುಸ್ತರವಾಗಿತ್ತು.

ಗಣಕಯಂತ್ರವು ಬಂದಮೇಲೆ ವಸ್ತುವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಭಾಗಿಸಿ ಪ್ರತಿಯೊಂದರ ಒಳಬಲವನ್ನು ಲೆಕ್ಕಹಾಕುವ ಪದ್ಧತಿ ರೂಢಿಗೆ ಬಂದಿತು. ಅದರ ಬಲದಿಂದ ೧೯೮೮ರಲ್ಲಿ ಡೆನ್ಮಾರ್ಕಿನ ಬೆಂಡ್ಸೆ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಕಿಕುಚಿ ಇವರಿಬ್ಬರೂ ಹೊಸ ಮಾರ್ಗವೊಂದನ್ನು ತೆರೆದರು. ಈ ಮಾರ್ಗದಲ್ಲಿ ರಂಧ್ರವು ಪ್ರವೇಶಿಸಿದ ರೀತಿ ಕುತೂಹಲಕರವಾಗಿದೆ. ೧೯೮೧ರಲ್ಲಿ ಚೆಂಗ್ ಮತ್ತು ಓಲ್‌ಹಾಫ್ ಎಂಬವರು ಅತ್ಯುತ್ತಮವಾದ ಫಲಕದ ರೂಪವನ್ನು ಲೆಕ್ಕಮಾಡಹೊರಟು ಒಂದು ವಿಚಿತ್ರವನ್ನು ಕಂಡರು. ತುಣುಕುಗಳನ್ನು ಸಣ್ಣದು ಮಾಡಿದಷ್ಟೂ ಫಲಕದಲ್ಲಿ ತೆಳ್ಳನೆಯ ಏಣುಗಳು ಹೆಚ್ಚುತ್ತಲೇ ಹೋದುವು; ಲೆಕ್ಕಕ್ಕೆ ಕೊನೆಯೇ ಇಲ್ಲದಾಯಿತು. ಅಳತೆಗೆ ಸಿಗದಷ್ಟು ಸೂಕ್ಷ್ಮವಾದ ರಚನೆಯನ್ನು ಗಣಿತವೇ ಬೇಡುತ್ತಿದೆಯೆಂದು ಇದರಿಂದ ತಿಳಿಯಿತು. ಬೆಂಡ್ಸೆ ಕಿಕುಚಿಗಳು ಆ ಬೇಡಿಕೆಯನ್ನು ಒಪ್ಪಿಕೊಂಡು, ಪ್ರತಿಯೊಂದು ತುಣುಕೂ ಅತಿ ಸಣ್ಣ ರಂಧ್ರಗಳಿಂದ ಕೂಡಿದೆಯೆಂದು ಕಲ್ಪಿಸಿ, ರಂಧ್ರದ ಗಾತ್ರವನ್ನೂ ದಿಕ್ಕನ್ನೂ ಯಂತ್ರವೇ ಆರಿಸುವಂತೆ ಮಾಡಿದರು. ಅಂದರೆ ರಂಧ್ರಮಯ ರಚನೆಯು ಎಂಜಿನಿಯರರ ಗಣಿತಕ್ಕೆ ಎಲುಬಿನಿಂದ ಬಂದುದಲ್ಲ, ಗಣಿತದ ಒಳಗಿನ ಇಕ್ಕಟ್ಟಿನಿಂದಲೇ ಹುಟ್ಟಿದುದು. ಎಲುಬಿನ ಅನುಕರಣವೆಂದು ಹೇಳುವವರು ಸಾಮಾನ್ಯವಾಗಿ ಈ ಸಂಗತಿಯನ್ನು ಕೈಬಿಡುತ್ತಾರೆ.

ಹೀಗೆ ಬಂದ ರಂಧ್ರಗಳನ್ನು ಎಂಜಿನಿಯರರು ಕೂಡಲೆ ಹೊರಗಟ್ಟಿದರು. ಅರ್ಧ ತುಂಬಿದ, ಕಾಲುಭಾಗ ತುಂಬಿದ ವಸ್ತುವನ್ನು ಅಂದಿನ ಯಾವ ಎರಕದ ಮನೆಯೂ ತಯಾರಿಸಿಕೊಡಲಾರದು. ಆದುದರಿಂದ ೧೯೮೯ರಿಂದ ಮುಂದೆ, ಅರೆತುಂಬಿದ ತುಣುಕಿಗೆ ಲೆಕ್ಕದಲ್ಲಿ ದಂಡ ಹಾಕುವ ಉಪಾಯವು ಬಳಕೆಗೆ ಬಂದಿತು. ದಂಡಕ್ಕೆ ಹೆದರಿ ಪ್ರತಿಯೊಂದು ತುಣುಕೂ ಪೂರ್ತಿ ತುಂಬುತ್ತದೆ, ಇಲ್ಲವೆ ಪೂರ್ತಿ ಬರಿದಾಗುತ್ತದೆ. ಫಲವಾಗಿ ಬಂದ ರೂಪಗಳು ಕೆಲವೇ ದಪ್ಪ ತೊಲೆಗಳ ಸೇತುವೆಗಳಂತಿದ್ದುವು. ಜಾಲವೆಂಬುದು ಅವುಗಳಲ್ಲಿ ಉಳಿಯಲಿಲ್ಲ.

ಇದೇ ಕಾಲದಲ್ಲಿ ಎಲುಬಿನ ಶಾಸ್ತ್ರಜ್ಞರೂ ಗಣಕಯಂತ್ರದ ಮುಂದೆ ಕುಳಿತಿದ್ದರು. ಅವರನ್ನು ಅಲ್ಲಿಗೆ ಎಳೆತಂದುದು ಆಸ್ಪತ್ರೆಯ ಕಷ್ಟ. ತೊಡೆಯೆಲುಬಿನೊಳಗೆ ಲೋಹದ ಕಾಂಡವನ್ನು ಕೂರಿಸಿದರೆ ಭಾರವನ್ನೆಲ್ಲ ಲೋಹವೇ ಹೊತ್ತು, ಸುತ್ತಲಿನ ಎಲುಬು ಕೆಲಸವಿಲ್ಲದೆ ಕರಗಿಹೋಗುತ್ತದೆ, ಕಾಂಡವು ಸಡಿಲವಾಗುತ್ತದೆ. ಎಷ್ಟು ಕರಗುವುದೆಂದು ಮುಂದಾಗಿ ಹೇಳಬೇಕಾದರೆ ರೂನ ನಿಯಮಕ್ಕೆ ಸಂಖ್ಯೆಯ ರೂಪವನ್ನು ಕೊಡಬೇಕು. ೧೯೮೭ರಲ್ಲಿ ಹಾಲೆಂಡಿನ ರಿಕ್ ಹೌಸ್ಕೆಸ್ ಮತ್ತು ಅವನ ಸಂಗಡಿಗರು ಹಾಗೆ ಮಾಡಿದರು. ಭಾರದಿಂದ ಎಲುಬಿನಲ್ಲಿ ಸೇರುವ ಶಕ್ತಿಯು ಗೊತ್ತಾದ ಮಟ್ಟಕ್ಕಿಂತ ಹೆಚ್ಚಾದರೆ ಎಲುಬು ಬೆಳೆಯುವುದು, ಕಡಮೆಯಾದರೆ ಕ್ಷಯಿಸುವುದು, ನಡುವಿನ ಒಂದು ಅಂತರದಲ್ಲಿ ಇದ್ದಂತೆಯೇ ಇರುವುದು ಎಂದು ಸೂತ್ರವನ್ನು ಕಟ್ಟಿದರು. ಅಮೆರಿಕದ ವೈದ್ಯ ಹೆರಾಲ್ಡ್ ಫ್ರಾಸ್ಟ್ ಎಲುಬಿನ ಈ ಸ್ವನಿಯಂತ್ರಣಕ್ಕೆ ‘ಮೆಕಾನೋಸ್ಟಾಟ್’ ಎಂದು ಹೆಸರಿಟ್ಟುದೂ ಅದೇ ವರ್ಷ. ಕೊಠಡಿಯ ಉಷ್ಣವನ್ನು ಒಂದೇ ಮಟ್ಟದಲ್ಲಿಡುವ ಉಪಕರಣದ ಹೆಸರಿನ ಅಚ್ಚಿನಲ್ಲಿ ಎರೆದ ಪದವಿದು.

ಹೌಸ್ಕೆಸ್ಸನ ಪಂಗಡದವರಿಗೆ ೧೯೯೨ರಲ್ಲಿ ಒಂದು ತೊಡಕು ಕಾಣಿಸಿತು. ಸೂತ್ರವನ್ನು ತುಣುಕು ತುಣುಕಿಗೂ ಬೇರೆಬೇರೆಯಾಗಿ ನಡೆಸಿದಾಗ, ಬಲವಾದ ತುಣುಕು ನೆರೆಯದರ ಭಾರವನ್ನೂ ಸೆಳೆದುಕೊಂಡು ಇನ್ನಷ್ಟು ಬಲಿಯುವುದು, ದುರ್ಬಲವಾದುದು ಬರಿದಾಗುವುದು. ಕೊನೆಗೆ ಚಿತ್ರವು ಚದುರಂಗದ ಹಾಸಿನಂತೆ ಕಪ್ಪುಬಿಳುಪಿನ ಚೌಕಗಳಾಗಿ ಒಡೆದುಹೋಗುವುದು. ಎಂಜಿನಿಯರರ ಲೆಕ್ಕದಲ್ಲಿಯೂ ಅದೇ ಚದುರಂಗದ ಹಾಸು ತಲೆದೋರಿತ್ತು. ಡೆನ್ಮಾರ್ಕಿನ ಓಲೆ ಸಿಗ್ಮುಂಡ್ ಪ್ರತಿಯೊಂದು ತುಣುಕಿನ ಲೆಕ್ಕಕ್ಕೂ ಅದರ ನೆರೆಯವುಗಳನ್ನು ಸೇರಿಸಿ ಸರಾಸರಿಮಾಡುವ ಶೋಧಕವನ್ನು ಹೂಡಿ ಅದನ್ನು ನಿವಾರಿಸಿದನು. ಎಲುಬಿನ ಕಡೆಯವರು ೧೯೯೪ರಲ್ಲಿ ಬೇರೊಂದು ಬಾಗಿಲಿನಿಂದ ಅದೇ ಕೋಣೆಗೆ ಬಂದರು. ಎಲುಬಿನಲ್ಲಿ ಹುದುಗಿರುವ ಜೀವಕಣಗಳು ಭಾರವನ್ನು ಅರಿತು, ದೂರಕ್ಕೆ ತಕ್ಕಂತೆ ಕುಗ್ಗುತ್ತ ಹೋಗುವ ಸೂಚನೆಯನ್ನು ಸುತ್ತಲೂ ಕಳುಹಿಸುತ್ತವೆಂದು ಅವರು ಭಾವಿಸಿದರು. ಚೌಕಗಳು ಮಾಯವಾಗಿ ಕಿರುದೊಲೆಗಳು ಮೂಡಿದುವು. ಒಬ್ಬರು ಗಣಿತದ ಸೌಕರ್ಯಕ್ಕಾಗಿ, ಮತ್ತೊಬ್ಬರು ಶರೀರಶಾಸ್ತ್ರದ ಅನುರೋಧದಿಂದ, ಒಂದೇ ಮದ್ದನ್ನು ಕೊಟ್ಟರು. ೧೮೬೬ರ ಸಭೆಯಲ್ಲಿ ಕಂಡ ಸಾಮ್ಯಕ್ಕಿಂತ ಈ ಸಾಮ್ಯವು ಆಳವಾದುದು. ಅಲ್ಲಿ ಎರಡು ಚಿತ್ರಗಳು ಹೊಂದಿದ್ದುವು. ಇಲ್ಲಿ ಎರಡು ನಿಯಮಗಳು, ಎರಡು ತೊಡಕುಗಳು, ಎರಡು ಪರಿಹಾರಗಳು ಹೊಂದಿವೆ.

ಈ ಹೊಂದಿಕೆಗೆ ಕಾರಣವೂ ಉಂಟು. ಒಂದೇ ಭಾರಕ್ಕೆ, ಗೊತ್ತಾದ ಮೊತ್ತದ ವಸ್ತುವಿನಿಂದ ಅತ್ಯಂತ ಬಿಗಿಯಾದ ರಚನೆಯನ್ನು ಹುಡುಕಿದರೆ, ಅರೆತುಂಬಿದ ತುಣುಕುಗಳಲ್ಲಿ ವಸ್ತುವಿನ ಹೆಚ್ಚಳಕ್ಕೆ ಪ್ರತಿಯಾಗಿ ಸಿಗುವ ಶಕ್ತಿಯ ಲಾಭವು ಎಲ್ಲೆಡೆಯೂ ಸಮವಾಗಿರಬೇಕೆಂಬ ನಿಬಂಧನೆಯು ಗಣಿತದಿಂದ ಹೊರಡುತ್ತದೆ. ಎಲುಬಿನ ಸೂತ್ರವೂ ಶಕ್ತಿಯನ್ನು ಎಲ್ಲೆಡೆ ಒಂದೇ ಮಟ್ಟಕ್ಕೆ ತರಲು ಯತ್ನಿಸುತ್ತದೆ. ಭೇದವಿರುವುದು ಇಷ್ಟರಲ್ಲಿ: ಎಂಜಿನಿಯರನು ವಸ್ತುವಿನ ಮೊತ್ತವನ್ನು ಗೊತ್ತುಮಾಡುತ್ತಾನೆ, ಮಟ್ಟವು ಲೆಕ್ಕದಿಂದ ಬರುತ್ತದೆ, ಎಲುಬು ಮಟ್ಟವನ್ನು ಗೊತ್ತುಮಾಡುತ್ತದೆ, ಮೊತ್ತವು ಬದುಕಿನಿಂದ ಬರುತ್ತದೆ. ಕಾರ್ಲ್ಸ್‌ರೂಹೆಯ ಕ್ಲೌಸ್ ಮಾಟ್ಟೆಕ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಂತೂ ಎಲುಬಿನ ನಿಯಮವೇ ನೇರವಾಗಿ ಎಂಜಿನಿಯರನ ಕೈಗೆ ಬಂದಿತು: ದುಡಿಯದ ಭಾಗವನ್ನು ಮೆತ್ತಗೆ ಮಾಡುತ್ತ ಹೋಗಿ ಕೊನೆಗೆ ತೆಗೆದುಹಾಕುವುದೇ ಅದರ ಸಾರ. ೧೯೯೯ರಲ್ಲಿ ಋಣವು ತಿರುಗುಮುರುಗಾಯಿತು. ಪೋರ್ತುಗಲ್ಲಿನ ಫೆರ್ನಾಂಡಿಸ್ ಮತ್ತು ರಾಡ್ರಿಗಸ್, ಅಮೆರಿಕದ ಜೇಕಬ್ಸ್ ಇವರು ಬೆಂಡ್ಸೆ ಕಿಕುಚಿಗಳ ರಂಧ್ರಗಣಿತವನ್ನು ತಂದು ಎಲುಬಿನ ಬೆಳವಣಿಗೆಯನ್ನು ವಿವರಿಸಿದರು.

ಹೊರಗಟ್ಟಿದ ರಂಧ್ರಗಳನ್ನು ಎಂಜಿನಿಯರರು ಮರಳಿ ಕರೆತಂದುದು ಪದರದ ಮೇಲೆ ಪದರವನ್ನು ಹೊಯ್ದು ವಸ್ತುವನ್ನು ರಚಿಸುವ ತ್ರೀಡಿ ಮುದ್ರಣವು ಬಂದಮೇಲೆ. ಎರಕದ ಮನೆಗೆ ಅಸಾಧ್ಯವಾದ ಜಾಲವು ಈ ಯಂತ್ರಕ್ಕೆ ಸುಲಭಸಾಧ್ಯ. ೨೦೧೮ರಲ್ಲಿ ಜುನ್ ವೂ, ನಿಲ್ಸ್ ಓಗೆ, ರ‍್ಯೂಡಿಗರ್ ವೆಸ್ಟರ್‌ಮನ್, ಸಿಗ್ಮುಂಡ್ ಇವರು ಪ್ರಕಟಿಸಿದ ಲೇಖನದ ಉಪಾಯವು ಬಹು ಸರಳವಾದುದು. ವಸ್ತುವಿನ ಒಟ್ಟು ಮೊತ್ತಕ್ಕೆ ಮಿತಿ ಹಾಕುವ ಬದಲು, ಪ್ರತಿಯೊಂದು ಬಿಂದುವಿನ ಸುತ್ತಲಿನ ಸಣ್ಣ ಪರಿಧಿಗೂ ಮಿತಿಯನ್ನು ಹಾಕಿದರು. ಆ ಪರಿಧಿಯಲ್ಲಿ, ಉದಾಹರಣೆಗೆ, ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ತುಂಬಕೂಡದು. ಒಂದೆಡೆ ದಪ್ಪ ತೊಲೆಯಾಗಿ ಗುಂಪುಗೂಡುವುದಕ್ಕೆ ಅವಕಾಶ ತಪ್ಪಿದುದರಿಂದ ವಸ್ತುವು ಒಳಗೆಲ್ಲ ಹರಡಿಕೊಂಡು, ಬಲರೇಖೆಗಳ ದಿಕ್ಕನ್ನು ಅನುಸರಿಸುವ ಕಿರುದೊಲೆಗಳಾಯಿತು.

ಇದರ ಗುಣದೋಷಗಳನ್ನು ಗ್ರಂಥಕರ್ತರೇ ಮುಚ್ಚುಮರೆಯಿಲ್ಲದೆ ಅಳೆದು ಹೇಳಿದ್ದಾರೆ. ಲೆಕ್ಕಕ್ಕೆ ತೆಗೆದುಕೊಂಡ ಆ ಒಂದು ಭಾರಕ್ಕೆ ಮಾತ್ರ ನೋಡಿದರೆ, ಎಲುಬಿನಂಥ ಜಾಲವು ಅಷ್ಟೇ ವಸ್ತುವುಳ್ಳ ದಪ್ಪ ತೊಲೆಗಳ ರಚನೆಗಿಂತ ಕಡಮೆ ಬಿಗಿಯಾದುದು. ಭಾರದ ದಿಕ್ಕು ಬದಲಾದಾಗ, ಇಲ್ಲವೆ ಒಳಗೆ ಒಂದೆಡೆ ಮುರಿತವಾದಾಗ, ದಪ್ಪ ತೊಲೆಗಳ ರಚನೆಯು ಬಹಳವಾಗಿ ಸೋಲುತ್ತದೆ. ಜಾಲವು ಅಲ್ಪ ನಷ್ಟದೊಡನೆ ನಿಲ್ಲುತ್ತದೆ. ವೊಲ್ಫನ ವಿರುದ್ಧ ಎದ್ದಿದ್ದ ಮೂರನೆಯ ಆಕ್ಷೇಪಣೆಗೆ ಸುಮಾರು ನೂರೈವತ್ತು ವರ್ಷಗಳ ಮೇಲೆ ಸಂಖ್ಯೆಗಳಲ್ಲಿ ದೊರೆತ ಉತ್ತರವಿದು. ಎಲುಬು ಯಾವ ಒಂದು ಭಾರಕ್ಕೂ ಅತ್ಯುತ್ತಮವಾದುದಲ್ಲ. ಎಡವುವವನ ಎಲುಬು ಹಾಗಿರುವುದೂ ಸಾಧ್ಯವಿಲ್ಲ. ಸಿಗ್ಮುಂಡ್, ಓಗೆ, ಆಂಡ್ರಿಯಾಸೆನ್ ಇವರು ೨೦೧೬ರಲ್ಲಿಯೇ ಇನ್ನೊಂದು ಎಚ್ಚರಿಕೆಯನ್ನು ಕೊಟ್ಟಿದ್ದರು: ಬಿಗಿತವೊಂದೇ ಗುರಿಯಾದರೆ, ಕಡ್ಡಿಗಳ ತೆರೆದ ಜಾಲಕ್ಕಿಂತ ತೆಳ್ಳನೆಯ ಗೋಡೆಗಳಿಂದ ಮುಚ್ಚಿದ ರಚನೆಯೇ ಮೇಲು. ೨೦೧೭ರಲ್ಲಿ ಓಗೆ ಮತ್ತು ಸಂಗಡಿಗರು ಇಡೀ ವಿಮಾನದ ರೆಕ್ಕೆಯನ್ನು ನೂರು ಕೋಟಿಗೂ ಮಿಕ್ಕ ತುಣುಕುಗಳಾಗಿ ವಿಭಾಗಿಸಿ ಲೆಕ್ಕಮಾಡಿದಾಗ, ಹಕ್ಕಿಯ ಕೊಕ್ಕಿನ ಒಳಗಟ್ಟನ್ನು ನೆನಪಿಗೆ ತರುವ ಬಾಗಿದ ಆಧಾರಗಳು ಕಾಣಿಸಿಕೊಂಡುವು. ಆ ಲೆಕ್ಕದಂತೆ ಉಳಿತಾಯವಾಗುವ ತೂಕವು ರೆಕ್ಕೆಯ ತೂಕದಲ್ಲಿ ನೂರಕ್ಕೆ ಎರಡರಿಂದ ಐದು ಪಾಲು. ಪತ್ರಿಕೆಗಳು ಮಾಡುವ ವರ್ಣನೆಗೆ ಹೋಲಿಸಿದರೆ ಇದು ವಿನಯದ ಸಂಖ್ಯೆ.

ಎಲುಬಿನ ಜಾಲವು ತೆರೆದಿರುವುದಕ್ಕೆ ಬಿಗಿತಕ್ಕಿಂತ ಬೇರೆಯಾದ ಕಾರಣಗಳುಂಟು. ಅದರ ರಂಧ್ರಗಳಲ್ಲಿ ಮಜ್ಜೆಯಿದೆ, ರಕ್ತನಾಳಗಳಿವೆ. ಕಿರುದೊಲೆಯನ್ನು ಕರಗಿಸುವ ಕಣಗಳೂ ಕಟ್ಟುವ ಕಣಗಳೂ ಅದರ ಮೇಲ್ಮೈಯಲ್ಲಿಯೇ ಕುಳಿತು ಕೆಲಸಮಾಡುತ್ತವೆ. ಮುಚ್ಚಿದ ಗೋಡೆಗಳೊಳಗೆ ಇದು ನಡೆಯಲಾರದು. ಲೋಹದ ಜಾಲಕ್ಕೆ ಈ ಕಟ್ಟುಪಾಡು ಯಾವುದೂ ಇಲ್ಲ, ಒಂದನ್ನುಳಿದು: ಸೊಂಟಕ್ಕೆ ಹಾಕುವ ರಂಧ್ರಮಯ ಕಾಂಡದಲ್ಲಿ ಜೀವವುಳ್ಳ ಎಲುಬು ಒಳಹೊಕ್ಕು ಬೆಳೆಯಬೇಕಾಗಿರುವುದರಿಂದ, ಅಲ್ಲಿ ರಂಧ್ರಗಳು ತೆರೆದೇ ಇರಬೇಕಾಗುತ್ತದೆ.

೨೦೧೮ರ ಆ ಲೇಖನದ ಮೊದಲ ಚಿತ್ರದಲ್ಲಿ, ಲೆಕ್ಕದಿಂದ ಬಂದ ಜಾಲದ ಪಕ್ಕದಲ್ಲಿ ಮನುಷ್ಯನ ತೊಡೆಯೆಲುಬಿನ ಸೀಳನ್ನು ಇಟ್ಟಿದೆ. ಕುಲ್ಮನ್ನನ ಶಿಷ್ಯರ ಕ್ರೇನಿನ ಪಕ್ಕದಲ್ಲಿ ಇಟ್ಟಿದ್ದೂ ಅದನ್ನೇ. ಎರಡು ಜೋಡಿಗಳನ್ನೂ ಒಟ್ಟಿಗೆ ನೋಡುವವನಿಗೆ ಹೆಚ್ಚಿನ ಭೇದವು ಕಣ್ಣಿಗೆ ಬೀಳಲಾರದು. ಆದರೆ ಜ್ಯೂರಿಕ್ಕಿನ ಗೆರೆಗಳು ಗಟ್ಟಿ ತೊಲೆಯ ಮೇಲೆ ಎಳೆದ ಗೆರೆಗಳು. ಅವುಗಳ ನಡುವೆ ರಂಧ್ರವಿರಲಿಲ್ಲ, ದಪ್ಪ ತೆಳುವೂ ಇರಲಿಲ್ಲ. ಈಚಿನ ಜಾಲದಲ್ಲಿ ಪ್ರತಿಯೊಂದು ಕಡ್ಡಿಯೂ ನಿಯಮವೊಂದು ನೂರಾರು ಸಲ ನಡೆದು ಉಳಿಸಿಕೊಂಡ ವಸ್ತು. ಆ ನಿಯಮದಲ್ಲಿ ಬರುವ ಎರಡು ಸಂಖ್ಯೆಗಳನ್ನು, ಅಂದರೆ ಪರಿಧಿ ಎಷ್ಟಿರಬೇಕು, ಅದರೊಳಗೆ ಎಷ್ಟು ತುಂಬಬಹುದು ಎಂಬುದನ್ನು, ಯಂತ್ರದ ಮುಂದೆ ಕುಳಿತವನು ತನ್ನ ಇಷ್ಟದಂತೆ ಬರೆಯುತ್ತಾನೆ. ಬೆಸೆದ ಮೊಣಕಾಲಿನಲ್ಲಿ ಅವನ್ನು ಬರೆದವರು ಯಾರೆಂಬುದೇ ರೂ ೧೮೮೫ರಲ್ಲಿ ಕೇಳಿದ ಪ್ರಶ್ನೆಯ ಉಳಿದ ಭಾಗ.